ಮಾನ್ವಿ ಜೋಳ, ದೇವದುರ್ಗದ ಜೋಳ

ನಮ್ಮ ಮನಿಯವ್ರು ಮಾನ್ವಿಯವ್ರು, ನಾನು ದೇವದುರ್ಗದಾಕಿ. ಲಗ್ನ ಆದಾಗಿಂದ ನಮ್ಮಿಬ್ಬರದು ಒಂದ ಜಗಳ: ಯಾವೂರ ಜೋಳದ ರೊಟ್ಟಿ ಮೆತ್ತಗ ಬರ್ತಾವ ಅಂತ. ರಾಯಚೂರಿಗೆ ಬಂದು ಮನಿ ಮಾಡಿದ ಮ್ಯಾಲೂ ಅದು ನಿಲ್ಲಲಿಲ್ಲ. ಆ ಮನುಷ್ಯ ಒಂದಿನಾನೂ ನನ್ನ ಮಾತಿಗೆ ಹೂಂ ಅಂದವ್ರಲ್ಲ.

ಅವ್ರು ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಾಗ ಫಿಟ್ಟರ್. ಕೆಲಸದಾಗ ಇದ್ದಕ್ಕಿದ್ದಂಗ ಎದಿ ಡವಡವ ಓಡಾಕತ್ತಿ, ಕಣ್ಣಿಗೆ ಕತ್ತಲಿ ಬಂದು ಕುಂತುಬಿಡ್ತಿದ್ರು. ತೊಂಬತ್ತೆಂಟರಾಗ ಹೈದರಾಬಾದಿನ ಒಂದು ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರ್ ಸಲಾವುದ್ದೀನ್ ಸಾಹೇಬ್ರು ನಮ್ಮ ಕಡಿಯವ್ರ. ತೊಡಿ ನರದಾಗ ತಂತಿ ಹಾಕಿ, ಹೃದಯದ ತನಕ ಒಯ್ದು, ಎದಿ ಹಿಂಗ ಓಡಿಸೋ ಒಂದು ಎಳಿ ಸುಡ್ತೀವಿ, ಹೊಸ ಚಿಕಿತ್ಸಾ ಅದ ಅಂದ್ರು.

ಆ ಎಳಿ ಸುಟ್ಟು, ಇವ್ರನ್ನ ಹೊರಗ ತಂದು ಮಲಗಿಸಿದ್ರು. ಎಲ್ಲಾ ಛಲೋ ಆತು ಅಂದ್ರು. ನನಗ ಖುಷಿ ಆಗಿ ಒಂಚೂರು ಕೆಣಕಬೇಕನಿಸ್ತು. "ಏನ ಅನ್ರಿ, ದೇವದುರ್ಗದ ಜೋಳನ ಛಲೋ," ಅಂದೆ.

"ಹೂಂ," ಅಂದ್ರು.

ಬಗ್ಗಿ ಮಾರಿ ನೋಡಿದೆ. ಮತ್ತೊಮ್ಮೆ ಅಂದೆ. ಮತ್ತೂ ಹೂಂ. ಹಣಿ ತುಂಬ ಬೆವರು, ಕುತ್ತಿಗಿ ನರ ಉಬ್ಬಿದ್ವು. ದಣಿದಾರ, ಮಲಗಲಿ ಬಿಡ್ರಿ ಅಂದ್ಲು ನರ್ಸು.

"ದಣಿದ್ರೂ ಸೋಲೋ ಮನುಷ್ಯ ಅಲ್ಲವ್ವಾ ಇವ್ರು. ಡಾಕ್ಟರ್‌ನ ಕರಿ, ಇಲ್ಲಂದ್ರ ನಾನ ಎಳಕೊಂಡು ಬರ್ತೀನಿ," ಅಂತ ಕೂಗಾಡಿದೆ.

ಸಾಹೇಬ್ರು ಓಡಿ ಬಂದು ನಾಡಿ ಹಿಡಿದ್ರ, ಕೈಗೆ ಸಿಗವಲ್ದು. ಎದಿಮ್ಯಾಲ ಯಂತ್ರ ಇಟ್ಟು ನೋಡಿದ್ರು. "ತಂತಿ ತಾಗಿ ಹೃದಯಕ್ಕ ಸಣ್ಣ ತೂತು ಬಿದ್ದದ, ಗೋಪಮ್ಮ. ಸುತ್ತಲ ಚೀಲದಾಗ ರಕ್ತ ತುಂಬಿ ಹೃದಯನ ಅಮುಕಾಕತ್ತದ. ಆ ರಕ್ತ ಈಗಿಂದೀಗ ತೆಗೀಬೇಕು," ಅಂದ್ರು. ಎದಿಗೂಡಿನ ಕೆಳಗ ಉದ್ದನ ಸೂಜಿ ಚುಚ್ಚಿದ್ರು. ಯಾರು ಹೋಗು ಅಂದ್ರೂ ನಾನು ಬಾಗಿಲ ಬಿಟ್ಟು ಕದಲಲಿಲ್ಲ. ಸಿರಿಂಜ್ ತುಂಬ ರಕ್ತ ಬಂತು. ಅದು ಬಂದಂಗ ಬಂದಂಗ ನಾಡಿ ಗಟ್ಟಿಯಾತು. ಸಣ್ಣ ನಳಿಗಿ ಅಲ್ಲೇ ಬಿಟ್ರು. ಮತ್ತ ತುಂಬಿದ್ರ ಎದಿ ಕೊಯ್ದು ಹೊಲೀಬೇಕಾಗ್ತದ ಅಂದ್ರು.

ತುಂಬಲಿಲ್ಲ. ತೂತು ತಾನ ಮುಚ್ಚಿಕೊಂತು. ಮರುದಿನ ಮುಂಜಾನಿ ಸಾಹೇಬ್ರು, "ಉರುಕುಂದಪ್ಪ, ಹೆಂಗದೀರಿ?" ಅಂದಾಗ ಇವ್ರು ಕಣ್ಣು ತೆರದ್ರು. ನಾನು ಅಳುಕೋತ, "ಯಾವೂರ ಜೋಳ ಛಲೋರೀ?" ಅಂದೆ.

ತುಟಿ ಒಣಗಿದ್ವು. ಆದ್ರೂ, "ಮಾನ್ವಿದು," ಅಂದ್ರು.

ಎದಿಮ್ಯಾಲಿನ ಕಲ್ಲು ಇಳಿಸಿದಂಗಾತು. ಕಣ್ಣೀರು ಒರಸಿಕೋತ, "ಹೂಂ ರೀ, ಮಾನ್ವಿದ ಛಲೋ," ಅಂದೆ.

ಅವ್ರು ಗಾಬರಿ ಬಿದ್ದು ಮ್ಯಾಲೇಳಾಕ ಹೋದ್ರು. "ಲೇ, ನಿನಗೇನಾತು? ಸಾಹೇಬ್ರ, ಒಂಚೂರು ಈಕಿನ್ನೂ ನೋಡ್ರಿ," ಅಂದ್ರು.