ಮೊದಲ ಕಂಬ ನೆಡುವವರು

ಭಾನುವಾರದ ಆರಾಧನೆ ಮುಗಿದ ಮೇಲೆ ಪಾದ್ರಿ ಮಿಕಾ ಸುದ್ದಿ ಹೇಳಿದಾಗ ಚರ್ಚಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಅಪೊಂಡಿ ಒಬ್ಬಳನ್ನು ಬಿಟ್ಟು. ಇನ್ನು ಮುಂದೆ ಸೂರಿಲ್ಲದವರಿಗೆ ಚರ್ಚಿನವರೇ ಸೇರಿ ಮನೆ ಕಟ್ಟಿಕೊಡುತ್ತಾರಂತೆ. ಒಂದೊಂದು ಮನೆಯವರು ಒಂದು ಕಂಬ, ಒಂದು ಹೊರೆ ಹುಲ್ಲು ತರಬೇಕು, ಶನಿವಾರ ಬಂದು ದುಡಿಯಬೇಕು, ಕೂಲಿ ಕೇಳುವಂತಿಲ್ಲ. ಮೊದಲ ಮನೆ ವಿಧವೆ ಅಪೊಂಡಿಗೆ. ಅವಳ ಹೆಸರು ಸೂಚಿಸಿದವನು ಚರ್ಚಿನ ಹಿರಿಯ, ಅವಳ ಮೈದುನ ಓಬುರಾ ಎಂದು ಕೇಳಿದ್ದೇ ತಡ, ಅವಳ ಎದೆ ಧಸಕ್ಕೆಂದಿತು.

ಎನ್ನದೆ ಏನು? ಮನೆಯ ಹಿಂದಿನ ಗೋಡೆ ಕುಸಿದಂದಿನಿಂದ ಅವಳು ಮಗಳನ್ನು ಕಟ್ಟಿಕೊಂಡು ಅಡುಗೆ ಗುಡಿಸಲಲ್ಲಿ ಮಲಗುತ್ತಿದ್ದಳು. ಊರಿನ ಗಂಡಸರಾರೂ ಆ ಮನೆ ಮುಟ್ಟುವಂತಿರಲಿಲ್ಲ. ಗಂಡ ಸತ್ತವಳ ಅಂಗಳದಲ್ಲಿ ಹೊಸ ಮನೆಯ ಮೊದಲ ಕಂಬ ನೆಟ್ಟವನೇ ಆ ಮನೆಗೆ ಗಂಡಸು. ಹೊಲ, ದನ, ಹೆಂಗಸು ಎಲ್ಲವೂ ಅವನ ಕೈಕೆಳಗೆ. ಅವಳ ಬುಡಕಟ್ಟಾದ ಲುವೊ ಜನರಲ್ಲಿ ಇದು ಹುಟ್ಟಿದ ಕೂಸಿಗೂ ಗೊತ್ತು. ಓಬುರಾ ಹಿಂದೆಯೇ ಬಂದು ಆ ಕಂಬ ನಾನು ನೆಡಲೇ ಎಂದು ಕೇಳಿದ್ದ, ಅವಳು ಮುಖದ ಮೇಲೆ ಹೊಡೆದ ಹಾಗೆ ಆಗದು ಎಂದಿದ್ದಳು. ಈಗ ಅದೇ ಆಸಾಮಿ ಬೈಬಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದಾನೆ.

ಅವಳು ನೆಟ್ಟಗೆ ಪಾದ್ರಿಯ ಬಳಿಗೆ ಹೋದಳು.

"ಪಾದ್ರಿಗಳೇ, ಮೊದಲ್ನೇ ಕಂಬ ಯಾರು ನೆಡ್ತಾರೆ?"

"ಯಾರಾದ್ರೂ ನೆಡ್ಲಿ ಬಿಡಮ್ಮ. ಓಬುರಾ ತಾನೇ ನೆಡ್ತೀನಿ ಅಂದಿದಾರೆ. ಎಷ್ಟು ಮುತುವರ್ಜಿ ನೋಡು!"

"ಆ ಮುತುವರ್ಜಿ ಯಾಕೆ ಅಂತ ಕೇಳಿದ್ರಾ?"

ಮಿಕಾ ಗುಡ್ಡದಾಚೆಯ ಬೇರೆ ಜನದವನು. ಅವನಿಗೆ ಕಂಬವೆಂದರೆ ಬರೀ ಮರ. ಅವಳು ಬಿಡಿಸಿ ಹೇಳಿದ ಮೇಲೂ ನಕ್ಕು, "ಅದೆಲ್ಲ ಹಳೇ ಕಾಲದ್ದಮ್ಮ," ಎಂದುಬಿಟ್ಟ. ಅಪೊಂಡಿಗೆ ಅವನ ಮೇಲೂ ಅನುಮಾನ ಹತ್ತಿತು. ತಿಳಿಯದೆ ನಗುತ್ತಾನೋ, ಎಲ್ಲ ತಿಳಿದೇ ನಗುತ್ತಾನೋ?

ವಾರವಿಡೀ ಅವಳ ಅಂಗಳಕ್ಕೆ ಕಂಬಗಳು ಬಂದು ಬಿದ್ದವು. ಉಳಿದವರದು ಸೊಟ್ಟ, ಗಂಟು. ಓಬುರಾನದು ಮಾತ್ರ ತೊಗಟೆ ಸುಲಿದು ನುಣುಪು ಮಾಡಿದ್ದು. ಸಂಜೆಯಾದರೆ ಅವನು ತಾಯಿಯ ಮನೆಗೆ ಹೋಗಿ ಗುಸುಗುಸು ಮಾತಾಡುತ್ತಿದ್ದ. ಆ ಅತ್ತೆಯೋ, ಮಗನನ್ನು ಮಣ್ಣು ಮಾಡಿದ ದಿನದಿಂದ ಅಪೊಂಡಿಯೊಡನೆ ಒಂದು ಮಾತೂ ಆಡಿದವಳಲ್ಲ. ತಾಯಿ ಮಗ ಸೇರಿಯೇ ಹೂಡಿದ ಆಟವಿದು ಎಂದು ಅಪೊಂಡಿ ತೀರ್ಮಾನಿಸಿದಳು. ಮನೆಯೇ ಬೇಡ ಎನ್ನೋಣವೆಂದರೆ ಇನ್ನೊಂದು ಮಳೆಗಾಲ ಮಗಳನ್ನು ಆ ಹೊಗೆಯಲ್ಲೇ ಮಲಗಿಸಬೇಕು.

ಶನಿವಾರ ಚರ್ಚಿಗೆ ಚರ್ಚೇ ಅವಳ ಅಂಗಳಕ್ಕೆ ಬಂದಿತು. ಪ್ರಾರ್ಥನೆಯಾಯಿತು, ಗುಂಡಿ ತೋಡಿದ್ದಾಯಿತು. ಓಬುರಾ ನುಣುಪು ಕಂಬವನ್ನು ಹೆಗಲಿಗೇರಿಸಿ ಬಂದ. ಅಪೊಂಡಿ ಹೋಗಿ ಎರಡೂ ಕಾಲನ್ನು ಗುಂಡಿಯೊಳಗಿಟ್ಟು ನಿಂತುಬಿಟ್ಟಳು.

"ಅತ್ತಿಗೆ, ಇದೇನು ಆಟ? ಆಚೆ ಬಾ."

"ಈ ಕಂಬ ಚರ್ಚಿಂದು, ನಂದಲ್ಲ ಅಂತ ಎಲ್ಲರೆದುರು ಹೇಳು. ಬರ್ತೀನಿ."

"ನನ್ನ ಅಣ್ಣನ ಅಂಗಳದಲ್ಲಿ ನಂದಲ್ಲದ್ದು ಯಾವುದಿದೆ?"

ಪಾದ್ರಿಯ ನಗು ಇಂಗಿಹೋಯಿತು. "ಬೇರೆ ಯಾರಾದ್ರೂ ನೆಡಬಹುದಲ್ಲ?" ಎಂದು ಸುತ್ತ ನೋಡಿದ. ಗಂಡಸರೆಲ್ಲ ಹಿಂದೆ ಸರಿದರು. ಅವರ ಹೆಂಡತಿಯರು ಕಣ್ಣಲ್ಲೇ ಸುಡುತ್ತಿದ್ದರು.

"ನೀವೇ ನೆಟ್ಟುಬಿಡಿ ಪಾದ್ರಿಗಳೇ," ಒಬ್ಬಳು ಕೂಗಿದಳು. "ಮನೇಲಿ ಅಮ್ಮಾವ್ರಿಗೆ ಹೇಳಿ ಬಂದಿದೀರ ತಾನೇ?"

ನಗು ಎದ್ದಿತು, ಅಡಗಿತು. ಕೆಲವರು ತಮ್ಮ ಕಂಬವನ್ನು ತಾವೇ ಹೊತ್ತುಕೊಂಡು ಹೊರಡಲು ನೋಡಿದರು. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದಳು. ಸರಿ, ಮಗನ ಬೆನ್ನಿಗೆ ತಾಯಿಯೂ ಬಂದಳು ಎಂದು ಅಪೊಂಡಿ ಹಲ್ಲು ಕಚ್ಚಿ ನಿಂತಳು.

ಮುದುಕಿ ಕೋಲು ಬಿಸಾಡಿ ಕಂಬಕ್ಕೆ ಕೈ ಹಾಕಿದಳು. "ಬಿಡೋ."

"ಅಮ್ಮಾ, ಹೆಂಗಸರು ನೆಡೋ ಹಾಗಿಲ್ಲ."

"ಸತ್ತೋನು ನನ್ನ ಹೊಟ್ಟೇಲಿ ಹುಟ್ಟಿದೋನು. ಇದು ಅವನ ಮನೆ. ಅವನಿಲ್ಲ, ಹೆತ್ತೋಳು ನೆಡ್ತೀನಿ. ಬೇಡ ಅನ್ನೋರು ಯಾರಿದೀರ, ಬಾಯಿ ಬಿಡಿ!"

ಓಬುರಾ ಕಂಬ ಇಳಿಸಿದ. ಅಪೊಂಡಿ ಮಾತ್ರ ಗುಂಡಿಯಿಂದ ಕದಲಲಿಲ್ಲ.

"ಇದಕ್ಕೆ ನಿಮಗೇನು ಬೇಕು ಅತ್ತೆ?"

ಮುದುಕಿ ಹತ್ತಿರ ಬಂದು ದನಿ ತಗ್ಗಿಸಿದಳು. "ನಿನ್ನ ಕೈಯೂಟದಿಂದಲೇ ನನ್ನ ಮಗ ಹೋದ ಅಂತ ನಂಗೆ ಅನುಮಾನ. ಇವತ್ತಿಗೂ ಹೋಗಿಲ್ಲ. ಆದ್ರೆ ಆ ಕೂಸು ರಾತ್ರಿಯೆಲ್ಲ ಕೆಮ್ಮೋದು ನನ್ನ ಮನೆವರೆಗೂ ಕೇಳ್ಸುತ್ತೆ."

ಇಷ್ಟು ಕಾಲದ ಮೌನದ ಹಿಂದೆ ಇದಿತ್ತೇ? ಅಪೊಂಡಿಗೆ ಕೂಗಿ ಹೇಳಬೇಕೆನಿಸಿತು, ಅಳಬೇಕೆನಿಸಿತು, ಮುದುಕಿಯನ್ನು ದಬ್ಬಬೇಕೆಂದೂ ಅನಿಸಿತು. ಅವಳು ಗುಂಡಿಯಿಂದ ಆಚೆ ಬಂದಳು. ಕಂಬದ ಬುಡ ಒಳಗಿಳಿಯಿತು. ಮುದುಕಿಯ ತೋಳು ಭಾರ ತಡೆಯಲಾರದೆ ನಡುಗುವುದನ್ನು ಕಂಡು ಅಪೊಂಡಿ ಇನ್ನೊಂದು ಕಡೆಯಿಂದ ಹಿಡಿದುಕೊಂಡಳು.

"ಊಟದಲ್ಲಿ ನಾನೇನೂ ಹಾಕಿಲ್ಲ ಅತ್ತೆ."

"ನೆಟ್ಟಗೆ ಹಿಡಿ," ಅಂದಳು ಮುದುಕಿ.