ಕಸ್ತೂರಿಯ ಬಲಗಾಲಿನ ಬೂಟು

ನಾನು ಒಂದು ಬೂಟು. ಜೋಡಿಯಲ್ಲಿ ಬಲಗಾಲಿನದು. ಎಡಗಾಲಿನ ಬೂಟು ನೋಡಲು ನನ್ನಂತೆಯೇ ಇದ್ದರೂ ಅದರ ಬಾಳು ನನ್ನದಕ್ಕಿಂತ ಹಗುರ. ನನ್ನ ಎರಡೂ ಪಕ್ಕಕ್ಕೆ ಕಬ್ಬಿಣದ ಸರಳುಗಳಿವೆ. ಅವು ಮೊಣಕಾಲು ದಾಟಿ ಮೇಲೆ ಹೋಗಿ, ಚರ್ಮದ ಪಟ್ಟಿಯಿಂದ ತೊಡೆಯನ್ನು ಹಿಡಿದುಕೊಳ್ಳುತ್ತವೆ. ಪೋಲಿಯೊ ಬಂದು ಸೊರಗಿದ ಒಂದು ಕಾಲನ್ನು ನೆಟ್ಟಗೆ ನಿಲ್ಲಿಸಲೆಂದೇ ನಾನು ಹುಟ್ಟಿದೆ.

ಹುಬ್ಬಳ್ಳಿಯಿಂದ ರೈಲಿನಲ್ಲಿ ಎರಡು ತಾಸಿನ ಹಾದಿಯ ಊರು ನಮ್ಮದು. ಅಲ್ಲಿ ಸ್ಟೇಶನ್ ರಸ್ತೆಯಲ್ಲಿ, ಟಪಾಲು ಕಚೇರಿಯ ಗೋಡೆಗೆ ತಗಡು ಇಳಿಬಿಟ್ಟು ಮಾಡಿಕೊಂಡ ಅಂಗಡಿಯಲ್ಲಿ ಫಕೀರಪ್ಪ ಚಪ್ಪಲಿ, ಬೂಟು ಹೊಲಿಯುತ್ತಿದ್ದ. ಅವನ ಒಬ್ಬಳೇ ಮಗಳು ಕಸ್ತೂರಿ. ಎರಡು ವರ್ಷದವಳಿದ್ದಾಗ ಜ್ವರ ಬಂದು ಬಲಗಾಲು, ಎಡಗೈ ಎರಡೂ ಸತ್ತವು. ಹನ್ನೊಂದು ತುಂಬಿದಾಗ ಆಸ್ಪತ್ರೆಯವರು ಹೊಸ ಅಳತೆಯ ಸರಳು ಕೊಟ್ಟರು. ಅದರ ಜೊತೆಗೆ ಬಂದ ಬೂಟು ಭಾರವೆಂದು ಫಕೀರಪ್ಪ ತಾನೇ ನನ್ನನ್ನು ಹೊಲಿಯಲು ಕುಳಿತ. ಹಳೆಯ ಪೇಪರಿನ ಮೇಲೆ ಮಗಳ ಪಾದ ಇಡಿಸಿ ಸುತ್ತ ಪೆನ್ಸಿಲ್ ಎಳೆದ. ಕಚಗುಳಿಯಾಗಿ ಅವಳು ಮತ್ತೆ ಮತ್ತೆ ನಕ್ಕು ಅಲುಗಾಡಿದಳು. ಮೂರು ಪೇಪರು ಹಾಳಾದವು. ನನಗೆ ನೆನಪಿರುವ ಮೊದಲ ಸದ್ದು ಆ ನಗೆ.

ನನ್ನ ಎದೆಯ ಮೇಲೆ ಹನ್ನೆರಡು ತೂತು, ಅವುಗಳಲ್ಲಿ ಒಂದು ಉದ್ದನೆಯ ಲೇಸು. ಪ್ರತಿದಿನ ಬೆಳಿಗ್ಗೆ ಕಸ್ತೂರಿ ಹೊಸ್ತಿಲ ಮೇಲೆ ಕೂತು ಕಾಲು ಚಾಚುತ್ತಿದ್ದಳು. ಫಕೀರಪ್ಪ ಕೆಳಗೆ ಕೂತು, ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಲೇಸು ಬಿಗಿದು ಗಂಟು ಹಾಕುತ್ತಿದ್ದ. ಸಂಜೆಯವರೆಗೂ ಆ ಗಂಟು ಉಳಿದರೆ ಆ ದಿನ ಒಳ್ಳೆಯ ದಿನ. ಎಲ್ಲ ದಿನವೂ ಉಳಿಯುತ್ತಿರಲಿಲ್ಲ.

ಶಾಲೆ ರೈಲು ಹಳಿಯ ಆಚೆಗೆ ಇತ್ತು. ಹಳಿ ದಾಟಲು ಮೆಟ್ಟಿಲಿನ ಮೇಲ್ಸೇತುವೆ, ಊರಿನವರ ಬಾಯಲ್ಲಿ ಬ್ರಿಜ್ಜು. ಹತ್ತಿ ಇಳಿಯುವಷ್ಟರಲ್ಲಿ ಲೇಸು ಸಡಿಲಾಗುತ್ತಿತ್ತು. ತರಗತಿಯ ಹುಡುಗಿಯರು ಕೆಟ್ಟವರಲ್ಲ. ಪುಸ್ತಕ ಕೊಡುತ್ತಿದ್ದರು, ಪಕ್ಕದಲ್ಲಿ ಕೂಡುತ್ತಿದ್ದರು. ಆದರೆ ಬಗ್ಗಿ ಬೂಟು ಮುಟ್ಟಬೇಕೆಂದರೆ ಅವರ ಮುಖವೇ ಬೇರೆಯಾಗುತ್ತಿತ್ತು. ಕಸ್ತೂರಿ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ.

ಒಂದು ದಿನ ಮೊದಲ ಗಂಟೆಗೇ ನನ್ನ ಗಂಟು ಬಿಚ್ಚಿತು. ಎದ್ದರೆ ಬೀಳುತ್ತೇನೆಂದು ಅವಳಿಗೆ ಗೊತ್ತಿತ್ತು. ಇಡೀ ದಿನ ಬೆಂಚು ಬಿಟ್ಟು ಏಳಲಿಲ್ಲ. ಊಟಕ್ಕೆ ಏಳಲಿಲ್ಲ, ಹೊರಗೆ ಹೋಗಲೂ ಏಳಲಿಲ್ಲ. ಕೊನೆಯ ಗಂಟೆ ಬಾರಿಸುವ ಸ್ವಲ್ಪ ಮೊದಲು ಅವಳ ಕಾಲಿನ ಗುಂಟ ಬೆಚ್ಚನೆಯ ನೀರಿಳಿದು ನನ್ನೊಳಗೆ ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಸಂಜೆ ಅಪ್ಪ ಬಂದು ಗಂಟು ಬಿಗಿದು ಅವಳನ್ನು ಕರೆದುಕೊಂಡು ಹೋದ. ಮನೆಯಲ್ಲಿ ಅವಳ ತಾಯಿ ಸಾಂವಕ್ಕ ನನ್ನನ್ನು ಬಿಚ್ಚಿ, ಮೂಸಿ, ತೊಳೆಯಲು ಕುಳಿತಳು.

"ನಾ ನಾಳೆಯಿಂದ ಸಾಲಿಗೆ ಹೋಗಂಗಿಲ್ಲಪಾ" ಎಂದಳು ಕಸ್ತೂರಿ.

"ಯಾಕವಾ?"

"ನನ್ನ ಬೂಟ ನಾನ ಕಟ್ಟಿಕೊಳ್ಳೂ ಹಂಗ ಮಾಡಿಕೊಡು. ಆವಾಗ ಹೋಗ್ತೀನಿ."

ಮರುದಿನ ಫಕೀರಪ್ಪ ತನ್ನ ಎಡಗೈಯನ್ನು ಒಂದು ಲೇಸಿನಿಂದ ಸೊಂಟಕ್ಕೆ ಕಟ್ಟಿಸಿಕೊಂಡ. ಕಟ್ಟಿದವಳು ಸಾಂವಕ್ಕ. ಎಂಟು ದಿನ ಹಾಗೆಯೇ ಇದ್ದ. ಒಂದೇ ಕೈಯಲ್ಲಿ ಉಂಡ, ಒಂದೇ ಕೈಯಲ್ಲಿ ಅಂಗಿ ತೊಟ್ಟ, ಒಂದೇ ಕೈಯಲ್ಲಿ ನನ್ನ ಲೇಸಿನೊಡನೆ ಗುದ್ದಾಡಿದ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರೆ ಇನ್ನೊಂದು ಜಾರುತ್ತಿತ್ತು. ಗಿರಾಕಿಗಳು ಕೈಗೆ ಏನಾಯಿತೆಂದು ಕೇಳಿದರೆ ಉಳುಕಿದೆ ಎನ್ನುತ್ತಿದ್ದ. ಒಂಬತ್ತನೆಯ ದಿನ ಕೈ ಬಿಚ್ಚಿಸಿಕೊಂಡು ಹೆಂಡತಿಗೆ ಹೇಳಿದ.

"ಒಂದ ಕೈಲೆ ಗಂಟ ಹಾಕಾಕ ಬರಂಗಿಲ್ಲ. ಗಂಟ ಬ್ಯಾಡ ಅಂತ ಬಿಟ್ರ?"

ನನ್ನ ತೂತುಗಳಿಗೆಲ್ಲ ಹಿತ್ತಾಳೆಯ ಸಣ್ಣ ಬಳೆ ಕೂಡಿಸಿದ, ಲೇಸು ಸಲೀಸಾಗಿ ಓಡಲೆಂದು. ಲೇಸಿನ ಒಂದು ತುದಿಯನ್ನು ಬೆರಳುಗಳ ಬಳಿ ಹೊಲಿದುಬಿಟ್ಟ. ಇನ್ನೊಂದು ತುದಿಗೆ ಉಂಗುರ. ಮೇಲೆ, ಪಾದದ ಕೀಲಿನ ಹತ್ತಿರ, ಒಂದು ಕಬ್ಬಿಣದ ಕೊಂಡಿ. ಉಂಗುರ ಹಿಡಿದು ಎಳೆದರೆ ನನ್ನ ಎದೆಯೆಲ್ಲ ಒಟ್ಟಿಗೆ ಬಿಗಿಯುತ್ತಿತ್ತು. ಉಂಗುರವನ್ನು ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಕಸ್ತೂರಿ ಹೊಸ್ತಿಲ ಮೇಲೆ ಕೂತು ಒಂದು ಸಲ ಎಳೆದಳು, ಸಿಕ್ಕಿಸಿದಳು. ಬಿಚ್ಚಿದಳು. ಮತ್ತೆ ಸಿಕ್ಕಿಸಿದಳು. ಅವತ್ತು ಎಷ್ಟು ಸಲ ಹಾಗೆ ಮಾಡಿದಳೋ. ಫಕೀರಪ್ಪ ಎದುರಿಗೆ ಕೂತು ನೋಡುತ್ತಿದ್ದ. ಮಾಡಲು ಕೆಲಸವಿಲ್ಲದೆ ಅವನ ಎರಡೂ ಕೈ ಮಡಿಲಲ್ಲಿ ಬಿದ್ದಿದ್ದವು.

ಹನ್ನೊಂದು ತಿಂಗಳು ಅವಳು ಒಬ್ಬಳೇ ಶಾಲೆಗೆ ಹೋಗಿ ಬಂದಳು. ನನ್ನ ಬಾಳಿನ ಒಳ್ಳೆಯ ಕಾಲ ಅದು. ಅಪ್ಪ ಕರೆಯಲು ಬರುವುದು ಬೇಡವೆಂದು ಅವಳೇ ಹೇಳಿದ್ದಳು. ದಾರಿಯಲ್ಲಿ ನಿಂತು ಹುಣಸೆಕಾಯಿ ತಿಂದಳು. ಬ್ರಿಜ್ಜಿನ ಮೇಲೆ ನಿಂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದಳು. ಏಳನೆಯ ಇಯತ್ತೆಯಲ್ಲಿ ಗಣಿತಕ್ಕೆ ಅವಳೇ ಮೊದಲು.

ಇನ್ನು ನಾನು ಹೇಳಲೇಬೇಕಾದ ಮಾತು. ಕೊಂಡಿಯ ಬಾಯಿ ಮೇಲಕ್ಕಿತ್ತು. ಲೇಸು ಬಿಗಿಯಾಗಿ ಕೆಳಕ್ಕೆ ಎಳೆಯುತ್ತಿರುವ ತನಕ ಉಂಗುರ ಕದಲದು. ಆದರೆ ಮೆಟ್ಟಿಲು ಇಳಿಯುವಾಗ ಪಾದ ಬಾಗಿದರೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಲೇಸು ಸಡಿಲಾಗುತ್ತಿತ್ತು. ಆಗ ಉಂಗುರ ತುಸು ಮೇಲೇಳುತ್ತಿತ್ತು, ಮತ್ತೆ ಕೆಳಗೆ ಕೂರುತ್ತಿತ್ತು. ಹನ್ನೊಂದು ತಿಂಗಳು ಅದು ಕೂರುತ್ತಲೇ ಬಂತು.

ಆ ಶನಿವಾರ ಶಾಲೆ ಬೇಗ ಬಿಟ್ಟಿತ್ತು. ಬ್ರಿಜ್ಜಿನಿಂದ ಇಳಿಯುತ್ತ ಎಂಟನೆಯ ಮೆಟ್ಟಿಲಿನಲ್ಲಿ ಉಂಗುರ ಕೊಂಡಿಯಿಂದ ಹೊರಗೆ ಹಾರಿತು. ನನ್ನ ಎದೆ ಬಿಚ್ಚಿಕೊಂಡಿತು. ಅವಳ ಹಿಮ್ಮಡಿ ನನ್ನೊಳಗೆ ಮೇಲಕ್ಕೆದ್ದಿತು. ನೇತಾಡುತ್ತಿದ್ದ ಉಂಗುರದ ಮೇಲೆ ಎಡಗಾಲಿಟ್ಟಳು. ಕೆಳಗಿನ ಮೆಟ್ಟಿಲುಗಳನ್ನು ಅವಳು ಕಾಲಿನಿಂದ ಇಳಿಯಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಕಣ್ಣು ತೆರೆಯಲಿಲ್ಲ. ಹದಿಮೂರು ತುಂಬಲು ಇನ್ನೂ ಒಂದು ತಿಂಗಳಿತ್ತು.

ಎಡಗಾಲಿನ ಬೂಟನ್ನೂ ನನ್ನನ್ನೂ ಮನೆಗೆ ತಂದರು. ಫಕೀರಪ್ಪ ನನ್ನನ್ನು ಎತ್ತಿಕೊಂಡು, ಬಿಚ್ಚಿದ್ದ ಲೇಸನ್ನೂ ಖಾಲಿ ಕೊಂಡಿಯನ್ನೂ ತುಳಿತದ ಗುರುತಿದ್ದ ಉಂಗುರವನ್ನೂ ನೋಡಿದ. ಅವನಿಗೆ ಆಗಲೇ ತಿಳಿಯಿತು. ಬೆರಳಿನಿಂದ ಉಂಗುರವನ್ನು ಒಂದು ಸಲ ಎತ್ತಿ ಇಳಿಸಿದ. ಆಮೇಲೆ ನನ್ನನ್ನು ಅಂಗಡಿಯ ಮೂಲೆಯ ಗೂಟಕ್ಕೆ ತೂಗುಹಾಕಿ, ಮೇಲೊಂದು ಗೋಣಿತಾಟು ಹೊದಿಸಿದ. ಜಾರಿ ಬಿದ್ದಳು ಎಂದು ಊರು ಹೇಳಿತು. ಅವನೂ ಅದನ್ನೇ ಹೇಳಿದ. ಅಲ್ಲಿಂದ ಮುಂದೆ ಬೂಟು ಹೊಲಿಯುವುದನ್ನು ಬಿಟ್ಟ. ಕಿತ್ತುಹೋದ ಚಪ್ಪಲಿ ರಿಪೇರಿ ಮಾತ್ರ. ಮಾತು ಕಡಿಮೆಯಾಯಿತು. ಗೋಣಿತಾಟಿನ ಸಂದಿಯಿಂದ ನನಗೆ ಅವನ ಬೆನ್ನು ಕಾಣುತ್ತಿತ್ತು.

ಒಂದೂವರೆ ವರ್ಷದ ಮೇಲೆ ಜೈಬುನ್ನಿಸಾ ಎಂಬ ಹೆಂಗಸು ಅಂಗಡಿಗೆ ಬಂದಳು. ಜೊತೆಗೆ ಹತ್ತು ವರ್ಷದ ಮಗಳು ಶಕೀಲಾ. ಅವಳಿಗೂ ಪೋಲಿಯೊ, ಅವಳದೂ ಬಲಗಾಲು. ಕೈಬೆರಳುಗಳಲ್ಲೂ ಗಂಟು ಬಿಗಿಯುವಷ್ಟು ಕಸುವಿಲ್ಲ. ಅಂದು ಸಾಂವಕ್ಕ ಗಂಡನಿಗೆ ಬುತ್ತಿ ತಂದು ಅಲ್ಲಿಯೇ ಕೂತಿದ್ದಳು.

"ನಿಮ್ಮ ಮಗಳು ತಾನ ಬೂಟ ಹಾಕ್ಕೊಂಡು ಅಡ್ಡಾಡೂದು ನೋಡಿದ್ದೆ ಫಕೀರಣ್ಣ" ಎಂದಳು ಜೈಬುನ್ನಿಸಾ. "ನಮ್ಮಾಕೀಗೂ ಹಂಗ ಒಂದು ಮಾಡಿಕೊಡ್ರಿ."

"ಅದನ್ನ ಬಿಟ್ಟೀನವಾ. ಬ್ಯಾರೆ ಯಾರನ್ನರ ನೋಡ್ರಿ."

"ಬ್ಯಾರೆ ಯಾರಿಗೂ ಬರಂಗಿಲ್ಲಲ್ಲಣ್ಣ."

ಅವನು ಮತ್ತೆ ಚಪ್ಪಲಿ ಹೊಲಿಯತೊಡಗಿದ. ತಾಯಿ, ಮಗಳು ಸ್ವಲ್ಪ ಹೊತ್ತು ನಿಂತು ಹೋದರು. ಕುಂಟುವ ಹೆಜ್ಜೆಯ ಸದ್ದು ರಸ್ತೆಯ ತಿರುವಿನವರೆಗೂ ಕೇಳಿಸಿತು.

"ಮಾಡಿಕೊಡು" ಎಂದಳು ಸಾಂವಕ್ಕ.

ಫಕೀರಪ್ಪ ಕೈಯಲ್ಲಿದ್ದ ಚರ್ಮ ಚುಚ್ಚುವ ಆರಿಯನ್ನು ಕೆಳಗಿಟ್ಟ. "ನಿನಗ ಗೊತ್ತಿಲ್ಲ. ನಿನಗೊಂದು ಹೇಳಿಲ್ಲ ನಾ. ಅಕಿ ಜಾರಿ ಬೀಳಲಿಲ್ಲ. ನಾ ಮಾಡಿದ್ದ ಕೊಂಡಿ ಬಿಚ್ಚಿತ್ತು. ನಾನ ಕೊಂದೆ ಅಕೀನ್ನ."

ಸಾಂವಕ್ಕ ಬುತ್ತಿಯ ಗಂಟನ್ನು ಬದಿಗೆ ಸರಿಸಿದಳು. "ಗೊತ್ತೈತಿ. ಆಸ್ಪತ್ರ್ಯಾಗ ಅಕಿ ಕಾಲಿನ ಬೂಟ ಕಳದಾಕಿ ನಾನ."

"ಅವತ್ತ ಯಾಕ ಅನಲಿಲ್ಲ?"

"ಅಂದಿದ್ರ ನೀ ಉಳೀತಿದ್ದ್ಯೇನು?"

ಫಕೀರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಒಂದೂವರೆ ವರ್ಷದಲ್ಲಿ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸಾಂವಕ್ಕ ಹತ್ತಿರ ಹೋಗಲಿಲ್ಲ, ಸಮಾಧಾನ ಮಾಡಲಿಲ್ಲ. ಎದ್ದು ಬಂದು ಗೋಣಿತಾಟು ಸರಿಸಿ, ನನ್ನನ್ನು ಗೂಟದಿಂದ ಇಳಿಸಿ ಅವನ ಮುಂದಿಟ್ಟಳು.

"ಹನ್ನೊಂದು ತಿಂಗಳು ಅಕಿ ಯಾರ ಹಂಗೂ ಇಲ್ಲದ ಅಡ್ಡಾಡಿದಳು. ಅದನ್ನ ಕೊಟ್ಟಾಂವನೂ ನೀನ. ಎಲ್ಲಿ ತಪ್ಪೈತಿ ನೋಡಿ ತಿದ್ದು. ಆ ಕೂಸು ಕುಂಟಿಕೋತ ಹೋತು, ಕೇಳಲಿಲ್ಲೇನು?"

ಅವನು ಮತ್ತೆ ಕೆಲಸಕ್ಕೆ ಕೂತ. ಈ ಸಲ ಅವಸರ ಮಾಡಲಿಲ್ಲ. ಹಳೆಯ ಕೊಂಡಿಯನ್ನು ಕಿತ್ತು, ಬಾಯಿ ಒಳಕ್ಕೆ ಸುರುಳಿಯಾದ ಹೊಸ ಕೊಂಡಿ ಬಡಿದ. ಉಂಗುರವನ್ನು ಪಕ್ಕದಿಂದ ಒತ್ತಿ ನುಗ್ಗಿಸಿದರಷ್ಟೇ ಅದು ಒಳಗೆ ಹೋಗಬೇಕು. ಅದರ ಮೇಲೆ ಬೀಳುವಂತೆ ಒಂದು ಚರ್ಮದ ಮುಚ್ಚಳ, ಮುಚ್ಚಳಕ್ಕೆ ಅಂಗೈಯಿಂದ ಒತ್ತಿದರೆ ಕೂರುವ ಗುಂಡಿ. ನನ್ನೊಳಗೆ ಕೈ ತೂರಿಸಿ ದಿನಗಟ್ಟಲೆ ಬಾಗಿಸಿದ, ತಿರುಚಿದ, ನೆಲಕ್ಕೆ ಬಡಿದ. ಸಾಲದು ಎಂದ. ಕಿತ್ತು ಮತ್ತೆ ಮಾಡಿದ. ನಾಲ್ಕು ಕೊಂಡಿ ಹಾಳಾದವು.

ಐದನೆಯ ಕೊಂಡಿ ಬಡಿದ ಮೇಲೆ ಸಾಂವಕ್ಕ ನನ್ನನ್ನು ಬ್ರಿಜ್ಜಿಗೆ ಒಯ್ದಳು. ಸಂತೆಯ ದಿನ, ಜನ ಹತ್ತಿ ಇಳಿಯುತ್ತಿದ್ದರು. ಅವಳು ಮೇಲಿನ ಮೆಟ್ಟಿಲಿನಲ್ಲಿ ಕೂತು, ನನ್ನನ್ನು ಬಿಗಿದು, ಬಲಗೈಯನ್ನು ಮೊಣಕೈವರೆಗೆ ನನ್ನೊಳಗೆ ಇಳಿಸಿದಳು. ಕೂತಲ್ಲಿಂದಲೇ ಒಂದೊಂದು ಮೆಟ್ಟಿಲಿಗೂ ನನ್ನನ್ನು ಹೆಜ್ಜೆ ಹಾಕಿಸುತ್ತ ಇಳಿದಳು. ಜನ ನಿಂತು ನೋಡಿದರು. ಒಬ್ಬಾತ ಹುಚ್ಚಿಯೆಂದ. ಮಗಳು ಬಿದ್ದದ್ದನ್ನು ಕಂಡವರು ತೋರಿಸಿದ್ದ ಎಂಟನೆಯ ಮೆಟ್ಟಿಲಿಗೆ ಬಂದಾಗ ಅವಳ ಕೈ ನಿಂತುಬಿಟ್ಟಿತು. ನನ್ನೊಳಗೆ ಅವಳ ಬೆರಳುಗಳು ಮುದುಡಿ ಮುಷ್ಟಿಯಾದವು. ಕೆಳಗೆ ನಿಂತಿದ್ದ ಫಕೀರಪ್ಪ ಮುಖ ಆಚೆ ತಿರುಗಿಸಿದ. ಅವಳು ನನ್ನನ್ನು ಎತ್ತಿ ಆ ಮೆಟ್ಟಿಲಿನ ಅಂಚಿಗೆ ಬಡಿದಳು. ಮತ್ತೆ ಬಡಿದಳು. ಎಷ್ಟು ಬಡಿದರೂ ಕೊಂಡಿ ಬಿಡಲಿಲ್ಲ.

"ಕೊಡು ಆ ಕೂಸಿಗೆ" ಎಂದಳು ಕೆಳಗೆ ಬಂದು.

ಮೂರು ವರ್ಷ ನಾನು ಶಕೀಲಾಳ ಕಾಲಿನಲ್ಲಿದ್ದೆ. ಅವಳು ಕಸ್ತೂರಿಯಂತೆ ಶಾಂತ ಹುಡುಗಿಯಲ್ಲ. ನನ್ನಿಂದ ಕಲ್ಲು ಒದೆಯುತ್ತಿದ್ದಳು, ಕೆಸರಿಗೆ ಇಳಿಯುತ್ತಿದ್ದಳು. ಶಾಲೆ ಬಿಡುವ ಹೊತ್ತಿಗೆ ಫಕೀರಪ್ಪ ಅಂಗಡಿ ಬಿಟ್ಟು ಬಂದು ಬ್ರಿಜ್ಜಿನ ಕೆಳಗೆ ನಿಲ್ಲುತ್ತಿದ್ದ. ಅವಳು ನೆಲ ಮುಟ್ಟಿದೊಡನೆ ತಿರುಗಿ ಹೋಗುತ್ತಿದ್ದ.

"ಕಾಕಾ, ದಿನಾ ಯಾಕ ಇಲ್ಲೇ ನಿಂತಿರ್ತೀರಿ?" ಎಂದು ಒಮ್ಮೆ ಕೇಳಿದಳು.

"ಸುಮ್ಮನ, ಗಾಳಿಗೆ" ಎಂದ.

ಎರಡನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಅವನು ಬರಲಿಲ್ಲ. ಎದೆಯ ಬೇನೆಯಿಂದ ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲವೆಂದು ಶಕೀಲಾಳ ಮನೆಯಲ್ಲಿ ಮಾತಾಡಿಕೊಂಡರು. ಅವಳು ಆಮೇಲೂ ಎಷ್ಟೋ ದಿನ ಕೊನೆಯ ಮೆಟ್ಟಿಲಿನಲ್ಲಿ ತುಸು ನಿಂತು ಆಚೀಚೆ ನೋಡುತ್ತಿದ್ದಳು.

ಅವಳ ಪಾದ ಬೆಳೆಯಿತು. ದೊಡ್ಡ ಬೂಟು ಮಾಡಿಸಲು ಹುಬ್ಬಳ್ಳಿಗೆ ಹೋದಾಗ, ಅಲ್ಲಿ ಸರಳು ಬೂಟು ಮಾಡುವ ಮುದುಕ ಕನ್ನಡಕ ಏರಿಸಿ ನನ್ನನ್ನು ಹೊರಳಿಸಿ ಹೊರಳಿಸಿ ನೋಡಿದ. ಯಾರು ಮಾಡಿದ್ದು ಎಂದು ಕೇಳಿದ. ಜೈಬುನ್ನಿಸಾ ಹೆಸರು ಹೇಳಿದಳು. ಅವನು ಕೊಂಡಿಯ ಚಿತ್ರ ಬರೆದುಕೊಂಡ, ಹೆಸರು ಬರೆದುಕೊಳ್ಳಲಿಲ್ಲ. ಈಗ ಅಲ್ಲಿಂದ ಹೊರಡುವ ಎಷ್ಟೋ ಮಕ್ಕಳ ಕಾಲಿನಲ್ಲಿ ಇಂಥದೇ ಕೊಂಡಿ ಇದೆಯಂತೆ.

ಜೈಬುನ್ನಿಸಾ ನಮ್ಮ ಜೋಡಿಯನ್ನು ಒರೆಸಿ, ಎಣ್ಣೆ ಹಚ್ಚಿ, ಸಾಂವಕ್ಕನಿಗೆ ಮರಳಿಸಿದಳು. ಅವಳು ಹೋದ ಮೇಲೆ ಸಾಂವಕ್ಕ ಬಾಗಿಲ ಬೆಳಕಿನಲ್ಲಿ ಕೂತು ನನ್ನ ಮುಚ್ಚಳ ತೆಗೆದು, ಉಂಗುರ ಬಿಡಿಸಿ, ನನ್ನೊಳಗೆ ಕೈ ಇಳಿಸಿದಳು. ಬೆರಳ ತುದಿಯಿಂದ ತಳವನ್ನು ಮೆಲ್ಲಗೆ ಸವರಿದಳು. ಅಲ್ಲಿ ಕಾಲ್ಬೆರಳುಗಳು ಕೂತು ಸವೆದ ಐದು ಗುಳಿಗಳಿದ್ದವು. ಒಂದೊಂದನ್ನೂ ಮುಟ್ಟಿ ನೋಡಿದಳು. ಹೆಬ್ಬೆರಳಿನ ಗುಳಿಯಲ್ಲಿ ಕೈ ನಿಂತಿತು. ಕಸ್ತೂರಿಯ ಹೆಬ್ಬೆರಳು ಒಳಕ್ಕೆ ವಾಲಿತ್ತು. ಈ ಗುಳಿ ನೆಟ್ಟಗಿತ್ತು.

"ಇದು ಅಕೀದಲ್ಲ" ಎಂದಳು, ಯಾರಿಗೂ ಅಲ್ಲದೆ.

ಮೂರು ವರ್ಷ ಇನ್ನೊಂದು ಪಾದ ತುಳಿದ ಮೇಲೆ ಅದಕ್ಕಿಂತ ಮೊದಲಿನ ಗುರುತು ಎಲ್ಲಿ ಉಳಿಯಬೇಕು? ಒಬ್ಬಳನ್ನು ನಡೆಸಲು ಇನ್ನೊಬ್ಬಳ ಗುರುತನ್ನು ನಾನೇ ಅಳಿಸಿಕೊಂಡಿದ್ದೆ. ಆ ತಾಯಿಗೆ ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಈಗ ನಾನು ಅವಳ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಹಳೆಯ ಸೀರೆಗಳ ನಡುವೆ ಇದ್ದೇನೆ. ಚರ್ಮ ಬಿರುಕು ಬಿಟ್ಟಿದೆ, ಸರಳಿಗೆ ತುಕ್ಕು ಹತ್ತಿದೆ. ಪೆಟ್ಟಿಗೆ ತೆರೆದಾಗಲೆಲ್ಲ ಸಾಂವಕ್ಕ ಮೊದಲು ನನ್ನನ್ನು ಎತ್ತಿಕೊಳ್ಳುತ್ತಾಳೆ. ಒಳಗೆ ಹುಡುಕಿದ್ದು ಸಿಗುವುದಿಲ್ಲವೆಂದು ಅವಳಿಗೆ ಗೊತ್ತು. ಆದರೂ ಕೈ ಹಾಕುತ್ತಾಳೆ.