ಎರಡು ಸುತ್ತು ಕರಿ ಟೇಪು

ನೂರಕ್ಕೆ ಐದು. ಆ ಒಂದು ಅಂಕಿ ಒತ್ತಿದರೆ ಹಾಡು ಓಡುತ್ತದೆ, ಒತ್ತದಿದ್ದರೆ ತನ್ನ ನಡಿಗೆಯಲ್ಲೇ ನಡೆಯುತ್ತದೆ. ಓಡಿಸಿದರೆ ಸುಳ್ಳಲ್ಲವೇ? ಹಾಡಿದವಳು ಹಾಗೆ ಹಾಡಿರಲಿಲ್ಲ, ಡ್ರಮ್ಮು ಬಾರಿಸಿದವನು ಹಾಗೆ ಬಾರಿಸಿರಲಿಲ್ಲ. ಹರಿಹರದ ಒಬ್ಬ ಮೈಕ್ ಸೆಟ್ಟಿನವನು ನಲವತ್ತು ವರ್ಷದ ಹಿಂದೆ ಮಾಡಿದ ತಪ್ಪಿಗೆ ತಾನೇಕೆ ಆರತಿ ಎತ್ತಬೇಕು? ಆದರೂ, ಮುದುಕ ಕೇಳಿದ್ದು ಅದನ್ನೇ ಅಲ್ಲವೇ?

ಬಸವಕಿರಣ್ ಕಂಪ್ಯೂಟರಿನ ಮುಂದೆ ಹೀಗೆ ಕೂತು ಅರ್ಧ ಗಂಟೆಯಾಗಿತ್ತು. ಆನೆಕೊಂಡದಲ್ಲಿ ತಂದೆಯ ಕಾಳಿನ ಗೋದಾಮಿನ ಮೇಲಿನ ಕೋಣೆ ಅವನದು. ಎಂ.ಎಸ್ಸಿ. ಮುಗಿಸಿದ ಮೇಲೆ ಅವನು ಅಲ್ಲಿ ಗುಡ್ಡೆ ಹಾಕಿಕೊಂಡದ್ದು ಒಂದು ಒಳ್ಳೆಯ ಟರ್ನ್‌ಟೇಬಲ್ಲು, ಎರಡು ಸ್ಪೀಕರು, ಮುನ್ನೂರು ಚಿಲ್ಲರೆ ಹಳೆಯ ಡಿಸ್ಕೊ ರೆಕಾರ್ಡು, ಮತ್ತು ಊರಿನವರ ಮೇಲೆ ಬೆಟ್ಟದಷ್ಟು ತಾತ್ಸಾರ. ರೆಕಾರ್ಡುಗಳನ್ನು ತೊಳೆದು, ಒಣಗಿಸಿ, ಕಂಪ್ಯೂಟರಿಗೆ ಇಳಿಸಿ ಫೈಲು ಮಾಡುವುದು ಅವನ ಕಸುಬು. ಮೊಬೈಲಿನಲ್ಲಿ ಹಾಡು ಕೇಳುವವರು ಅವನ ಪ್ರಕಾರ ಕಿವುಡರು. ಮುಳ್ಳು ಇಟ್ಟ ಮೇಲೆ ಹಾಡು ಶುರುವಾಗುವ ಮುನ್ನ ಬರುವ ಮೂರು ನಾಲ್ಕು ಸೆಕೆಂಡಿನ ಮೌನವಿದೆಯಲ್ಲ, ಅದನ್ನು ಕೇಳದವನು ಹಾಡನ್ನೇ ಕೇಳಿಲ್ಲ ಎಂಬುದು ಅವನ ಸಿದ್ಧಾಂತ. ಆ ಸಿದ್ಧಾಂತವನ್ನು ಪ್ರಶ್ನಿಸಲು ಕೋಣೆಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಅದು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿತ್ತು.

ಅವನ ತಾತ್ಸಾರದ ಏಣಿಯಲ್ಲಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲು ಕೊಟ್ಟೂರೇಶನದು. ದೊಡ್ಡಪ್ಪನ ಮಗ, ಅಣ್ಣ ಎಂದು ಕರೆಯಲೇಬೇಕಾದ ಕರ್ಮ. ಬಟ್ಟೆ ಅಂಗಡಿ ಸಾಲದೆಂದು ವಿದ್ಯಾನಗರದಲ್ಲಿ ಹಳೇ ಕಾಲದ ಹೆಸರಿಟ್ಟು ಒಂದು ಕೆಫೆ ತೆರೆಯುತ್ತಿದ್ದ. ಗೋಡೆಗೆಲ್ಲ ಲಾಟೀನು, ಸೈಕಲ್ ಚಕ್ರ, ಸತ್ತ ರೇಡಿಯೊ ಹೊಡೆಸಿದ ಮೇಲೂ ಕೈತೊಳೆಯುವ ಕಡೆಯ ಗೋಡೆ ಖಾಲಿ ಉಳಿದಿತ್ತು.

"ಹಾಡು ಯಾವ್ದಾರ ಇರ್ಲಿ ಕಿರಣಾ, ಪ್ಲೇಟು ಕಪ್ಪಗೆ ಮಿರಮಿರ ಮಿಂಚಬೇಕು. ನಡುವೆ ತೂತು ಬ್ಯಾರೆ ಐತೆ. ಮೊಳೆ ಹೊಡಿಯಾಕೆ ಅಂತ್ಲೇ ಮಾಡ್ಯಾರೆ ನೋಡು!"

ಆ ಮಾತು ಕೇಳಿದ ದಿನ ಬಸವಕಿರಣ್ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಇಂಥ ಇಬ್ಬರ ಕಣ್ಣೂ ಒಂದೇ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಹರಿಹರದ ಕಾಂತರಾಜ ಒಂದು ಕಾಲದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಹರಿಹರ, ಬಾತಿ, ಅತ್ತ ಲೋಕಿಕೆರೆಯವರೆಗೆ ಮದುವೆ ಮೆರವಣಿಗೆಗಳಲ್ಲಿ ಗಾಡಿಯ ಮೇಲೆ ಜನರೇಟರು ಹೂಡಿ, ಸರ್ಕಲ್ಲಿಗೊಮ್ಮೆ ಗಾಡಿ ನಿಲ್ಲಿಸಿ, ಡಿಸ್ಕೊ ಹಾಕಿ ಜನರನ್ನು ಕುಣಿಸಿದವನು. ಅವನ ತಗಡಿನ ಪೆಟ್ಟಿಗೆಯಲ್ಲಿ ನಲವತ್ತೆರಡು ರೆಕಾರ್ಡುಗಳಿದ್ದವು. ಅದರಲ್ಲಿ ಬೆಳ್ಳಿ ಬಣ್ಣದ ಕವರಿನದೊಂದನ್ನು ಬಸವಕಿರಣ್ ಆರು ವರ್ಷದಿಂದ ಹುಡುಕುತ್ತಿದ್ದ.

ಹೋದ ತಿಂಗಳು ಅವನು ಹರಿಹರಕ್ಕೆ ಹೋದಾಗ ಮುದುಕ ವ್ಯಾಪಾರದ ಮಾತನ್ನೇ ಎತ್ತಲಿಲ್ಲ.

"ದುಡ್ಡು ಬ್ಯಾಡ ತಮ್ಮಾ. ನನ್ನ ಮಿಷನ್ ಸತ್ತು ಇಪ್ಪತ್ತು ವರ್ಷ ಆತು. ನನ್ನ ಸೆಟ್ನಾಗೆ ಹೆಂಗೆ ಕೇಳ್ತಿತ್ತೋ ಹಂಗೆ ಒಂದ್ಸಲ ಕೇಳಿಸಿಬಿಡು, ಪೆಟ್ಟಿಗೆ ಎತ್ಕಂಡು ಹೋಗು. ಆ ಕೊಟ್ರೇಶ ಸಾಹುಕಾರ್ರಿಗೂ ಇದೇ ಮಾತು ಹೇಳೀನಿ. ಯಾರು ಕೇಳಿಸ್ತಾರೋ ಅವರದು."

"ಕೇಳಿಸಿ ಪುಣ್ಯ ಕಟ್ಕಳಪ್ಪ," ಎಂದಳು ಅವನ ಹೆಂಡತಿ ದುರುಗವ್ವ ಒಳಗಿನಿಂದ. "ಇಪ್ಪತ್ತು ವರ್ಷದಿಂದ ಬಾಯಾಗೇ ಬಾರಿಸಿ ನನ್ನ ತಲೆ ತಿಂದಾರೆ."

ಬೆಳ್ಳಿ ಕವರಿನದೂ ಸೇರಿ ನಾಲ್ಕು ರೆಕಾರ್ಡನ್ನು ಅವನಿಗೆ ಕೈಗಡ ಕೊಟ್ಟು, ಮುದುಕ ಚಹಾ ಹೇಳಲು ಎದ್ದುಹೋದ. ಬಸವಕಿರಣ್ ಮೂಲೆಯಲ್ಲಿದ್ದ ಸತ್ತ ಪ್ಲೇಯರನ್ನು ಮಗುಚಿ, ತಳದ ತಗಡು ಬಿಚ್ಚಿ ನೋಡಿದ. ಮುಳ್ಳು ಹಾರದಿರಲೆಂದು ಅದರ ತಲೆಗೆ ಎಂಟಾಣೆ ನಾಣ್ಯ ಅಂಟಿಸಿತ್ತು. ಆ ಭಾರಕ್ಕೆ ಸವೆದ ರೆಕಾರ್ಡುಗಳನ್ನು ನೆನೆದು ಅವನಿಗೆ ಮೈಯೆಲ್ಲ ಉರಿಯಿತು. ಮೋಟಾರು ನೋಡಿದ ಮೇಲೆ ಮಾತ್ರ ನಗೆ ಬಂತು. ತಟ್ಟೆಯನ್ನು ತಿರುಗಿಸುವ ಮೋಟಾರಿನ ಕಡ್ಡಿಗೆ ಎರಡು ಸುತ್ತು ಕರಿ ಟೇಪು ಸುತ್ತಿದ್ದ ಮಹಾಶಯ! ಕಡ್ಡಿ ದಪ್ಪವಾದಷ್ಟೂ ತಟ್ಟೆ ಜೋರು. ಜನರೇಟರಿನ ಬಡ ಕರೆಂಟಿಗೆ ಹಾಡು ಎಳೆದಾಡಿದಾಗ ಸುತ್ತಿರಬೇಕು. ಒಳ್ಳೆಯ ಕರೆಂಟಿನಲ್ಲಿ ಹಾಡು ಓಡಲಾರಂಭಿಸಿದಾಗ ಹುಡುಗರು ಇನ್ನಷ್ಟು ಕುಣಿದಿರಬೇಕು. ಟೇಪು ಹಾಗೇ ಉಳಿದಿರಬೇಕು. ದಪ್ಪ ಅಂದಾಜು ಮಾಡಿದರೆ ನೂರಕ್ಕೆ ಐದು ಪಾಲು ಹೆಚ್ಚು ವೇಗ. ಎರಡು ತಾಲೂಕಿನ ಮಂದಿ ಹತ್ತು ವರ್ಷ ತಪ್ಪು ಹಾಡಿಗೆ ಕುಣಿದಿದ್ದರು, ಒಬ್ಬನಿಗಾದರೂ ಗೊತ್ತಾಗಿರಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಎಂದುಕೊಂಡು ಅವನು ತಗಡು ಮುಚ್ಚಿದ.

ಈಗ ಅದೇ ಐದು ಅವನ ಬೆರಳ ತುದಿಯಲ್ಲಿತ್ತು. ಎಂಟು ದಿನ ಕೂತು ಬೆಳ್ಳಿ ರೆಕಾರ್ಡಿನ ಒಂದೊಂದು ಚಟಪಟವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ತೆಗೆದಿದ್ದ. ಇಷ್ಟು ತೊಳೆದ ಮುತ್ತಿಗೆ ಮತ್ತೆ ಕೆಸರು ಮೆತ್ತುವುದೇ? ಒಮ್ಮೆ ಸರಿಯಾದದ್ದನ್ನು ಕೇಳಿದರೆ ಮುದುಕನಿಗೂ ಬುದ್ಧಿ ಬಂದೀತು. ಅವನು ಅಂಕಿ ಒತ್ತಲಿಲ್ಲ.

ಭಾನುವಾರ ಲ್ಯಾಪ್‌ಟಾಪನ್ನೂ ಎರಡು ಸ್ಪೀಕರನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹರಿಹರ ಸೇರಿದರೆ, ಕಾಂತರಾಜನ ಮನೆ ಮುಂದೆ ಕೊಟ್ಟೂರೇಶನ ಕಾರು ನಿಂತಿತ್ತು. ಒಳಗೆ ಅವನು ಮಂಡಕ್ಕಿ ಮುಕ್ಕುತ್ತಿದ್ದ. ಪಕ್ಕದಲ್ಲಿ ಕೆಂಪು ಸೂಟ್‌ಕೇಸಿನಂಥ ಒಂದು ಪ್ಲೇಯರು: ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಗೆ ಬರುವ ಅಗ್ಗದ ಆಟಿಕೆ. ಅದನ್ನು ಕಂಡು ಬಸವಕಿರಣನಿಗೆ ತನ್ನ ಗೆಲುವಿನ ಬಗ್ಗೆ ಅನುಮಾನವೇ ಉಳಿಯಲಿಲ್ಲ.

"ಮೊದ್ಲು ನೀನೇ ಹಚ್ಚಪ್ಪ, ಓದಿದವನು," ಎಂದ ಕೊಟ್ಟೂರೇಶ್.

ಬಸವಕಿರಣ್ ಸ್ಪೀಕರುಗಳನ್ನು ಅಳೆದು ಇಟ್ಟು ಹಾಡು ಶುರುಮಾಡಿದ. ಒಂದು ಸೆಕೆಂಡು, ಎರಡು, ಮೂರು.

"ಹತ್ಲಿಲ್ಲೇನು?" ಎಂದ ಕಾಂತರಾಜ.

"ಹತ್ತೇತ್ರಿ ಯಜಮಾನ್ರೆ. ಇದು ಹಾಡಿನ ಮುಂಚಿನ ಮೌನ."

"ಮೌನಕ್ಕೆ ಮೈಕ್ ಸೆಟ್ ಯಾಕ ಬೇಕು ತಮ್ಮಾ?"

ಆಮೇಲೆ ಹಾಡು ಬಂತು, ಸ್ಫಟಿಕದಂತೆ. ಕಾಂತರಾಜ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಕೊನೆಯವರೆಗೂ ಶ್ರದ್ಧೆಯಿಂದ ಕೇಳಿದ.

"ಚೊಲೋ ಐತೆ," ಎಂದ. "ಆದ್ರೆ ಇದು ಯಾರ ತಿಥಿಗೆ ಹಾಕೋದು? ನನ್ನ ಹಾಡಲ್ಲ ಇದು."

"ಇದೇ ಹಾಡು ರೀ. ಅಸಲಿ ಹಾಡು ಅಂದ್ರೆ ಇದೇ."

"ಇರ್ಬೌದಪ್ಪ. ನನ್ನದಲ್ಲ."

ಕೊಟ್ಟೂರೇಶ್ ಕೈಯ ಮಂಡಕ್ಕಿಯನ್ನು ಪ್ಯಾಂಟಿಗೆ ಒರೆಸಿ, ಪೆಟ್ಟಿಗೆಯಿಂದ ಸಿಕ್ಕ ರೆಕಾರ್ಡೊಂದನ್ನು ಹೆಬ್ಬೆರಳು ಊರಿಯೇ ಎತ್ತಿ, ಸೂಟ್‌ಕೇಸಿನ ಮೇಲೆ ಒಗೆದು, ಮುಳ್ಳನ್ನು ದೊಪ್ಪನೆ ಹಾಡಿನ ನಡುವೆಯೇ ಇಳಿಸಿದ. ತಗಡು ಬಡಿದಂಥ ಸದ್ದು. ಬಸವಕಿರಣನ ಕಿವಿ ತಕ್ಷಣ ಇನ್ನೊಂದನ್ನೂ ಹಿಡಿಯಿತು. ಆ ಅಗ್ಗದ ಮೋಟಾರಿಗೆ ಹಿಡಿತವಿರಲಿಲ್ಲ. ತಟ್ಟೆ ಜೋರಾಗಿ ತಿರುಗುತ್ತಿತ್ತು. ನೂರಕ್ಕೆ ಐದು.

ಮೊದಲು ಮುದುಕನ ಎಡ ಭುಜ ಅಲುಗಿತು. ಆಮೇಲೆ ಬಲದ್ದು. ಕೈ ತಾನಾಗಿ ಬಾಯಿಯ ಹತ್ತಿರ ಹೋಗಿ ಇಲ್ಲದ ಮೈಕು ಹಿಡಿಯಿತು. "ಗಂಡಿನ ಕಡೆಯವ್ರು ಸ್ವಲ್ಪ ಮುಂದೆ ನಡೀರಿ! ಗಾಡಿಗೆ ದಾರಿ ಬಿಡ್ರಿ!" ಎಂದು ಕೂಗಿ ಅವನು ಎದ್ದೇ ನಿಂತ. ದುರುಗವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ಅಯ್ಯ, ಇದೇ ನೋಡ್ರಿ," ಎಂದಳು. "ನನ್ನ ಮದುವ್ಯಾಗ ಹಾಕಿದ್ದು ಇದೇ. ತಾಳಿ ಕಟ್ಟಾಕೆ ಬರ್ರಿ ಅಂದ್ರೆ ಈ ಗಂಡು ಗಾಡಿ ಬಿಟ್ಟು ಇಳೀಲಿಲ್ಲ."

ಆಗಲೂ ಹೊತ್ತು ಮೀರಿರಲಿಲ್ಲ. ಲ್ಯಾಪ್‌ಟಾಪು ತೊಡೆಯ ಮೇಲೇ ಇತ್ತು, ಅಂಕಿ ಒತ್ತಿದರೆ ಅದೇ ಓಟ, ಇದರ ಹತ್ತರಷ್ಟು ಒಳ್ಳೆಯ ದನಿಯಲ್ಲಿ. ಆದರೆ ಹಾಗೆ ಮಾಡಬೇಕೆಂದರೆ ಕೊಟ್ಟೂರೇಶನ ಆಟಿಕೆ ಸರಿ ಎಂದು ಅವನೆದುರೇ ಒಪ್ಪಬೇಕಿತ್ತು. ಬಸವಕಿರಣ್ ಲ್ಯಾಪ್‌ಟಾಪು ಮುಚ್ಚಿ, ತಂದಿದ್ದ ನಾಲ್ಕು ರೆಕಾರ್ಡನ್ನೂ ಪೆಟ್ಟಿಗೆಗೆ ಹಾಕಿದ.

"ನಿಂದೂ ಚೊಲೋನೇ ಇತ್ತು ಕಿರಣಾ," ಎಂದ ಅಣ್ಣ, ಪೆಟ್ಟಿಗೆಯನ್ನು ಕಾರಿಗೆ ಸಾಗಿಸುತ್ತ. "ಸ್ವಲ್ಪ ಹಾಸಿಗೆ ಹಿಡಿದಂಗಿತ್ತು, ಅಷ್ಟೇ."

ಎರಡು ವಾರದ ಮೇಲೆ ಕೆಫೆ ಶುರುವಾಯಿತು. ನಲವತ್ತೆರಡು ರೆಕಾರ್ಡೂ ಗೋಡೆಯ ಮೇಲಿದ್ದವು. ತೂತಿಗೆ ಮೊಳೆ ದೊಡ್ಡದಾಗಿದ್ದರಿಂದ ಡ್ರಿಲ್ ಹೊಡೆಸಿದ್ದರು. ಬೆಳ್ಳಿ ರೆಕಾರ್ಡು ವಾಶ್‌ಬೇಸಿನ್ನಿನ ಮೇಲಿತ್ತು; ಕೈ ತೊಳೆದವರು ಕೊಡವಿದ ನೀರು ಅದರ ಮೇಲೆ ಹನಿ ಹನಿಯಾಗಿ ಕೂತಿತ್ತು. ಇಸ್ತ್ರಿ ಅಂಗಿ ತೊಟ್ಟ ಕಾಂತರಾಜನಿಗೆ ಶಾಲು ಹೊದಿಸಿ ಕೂಡಿಸಿದ್ದರು. ಗೋಡೆಯ ಕಡೆ ಅವನು ಒಮ್ಮೆ ನೋಡಿ, ಆಮೇಲೆ ನೋಡಲಿಲ್ಲ. ಬಸವಕಿರಣನನ್ನು ಕಂಡು ಹತ್ತಿರ ಕರೆದ.

"ಮೊಳೆ ಹೊಡೀತಾರಂತ ನಂಗ್ಯಾರೂ ಹೇಳ್ಲಿಲ್ಲ ತಮ್ಮಾ. ನಿನ್ನ ಕೈಗೆ ಹೋಗ್ಲಿ ಅಂತ್ಲೇ ಇತ್ತು ನಂಗೆ. ಆವತ್ತು ಮಿಷನ್ ತಳ ಬಿಚ್ಚಿ ನೋಡ್ತಿದ್ದಿ, ಇವನಿಗೆ ಟೇಪು ಸಿಗತೈತೆ ಅನ್ಕಂಡಿದ್ದೆ. ಯಾಕ ಆಗ್ಲಿಲ್ಲ?"

"ತುಕ್ಕು ಹಿಡಿದಿತ್ತು ಯಜಮಾನ್ರೆ," ಎಂದ ಬಸವಕಿರಣ್. "ಏನೂ ಕಾಣಿಸ್ಲಿಲ್ಲ."

ಮುದುಕ ತಲೆಯಾಡಿಸಿ ಕಾಫಿ ಎತ್ತಿಕೊಂಡ. ಟೇಪನ್ನು ಮೊದಲ ದಿನವೇ ಕಂಡಿದ್ದೆ ಎಂದು ಬಸವಕಿರಣ್ ಅವನಿಗೆ ಹೇಳಲಿಲ್ಲ.